ಮೂರು ತಾಸಿನ ಅಂತರ

ಕುಮಟೆಗೆ ಹೋಗುವ ಬಸ್ಸಿನಲ್ಲಿ, ಇಬ್ಬರು ಕೂರುವ ಸೀಟಿನ ಒಂದೂವರೆ ಪಾಲನ್ನು ತಾನೇ ಹಿಡಿದು ಕೂತಿದ್ದ ದೇವರಾಜನಿಗೆ, ಪಕ್ಕದಲ್ಲಿ ಅರ್ಧ ತೊಡೆ ಹೊರಗೆ ಇಳಿಬಿಟ್ಟು ಕಂಬಿ ಹಿಡಿದುಕೊಂಡಿದ್ದ ಮುದುಕನ ಕ್ಷಮೆ ಕೇಳಬೇಕೆಂದು ಹೊನ್ನಾವರ ಬಿಟ್ಟಾಗಿನಿಂದ ಅನ್ನಿಸುತ್ತಿತ್ತು. ಕೇಳಲಿಲ್ಲ. ಇವತ್ತು ಕೇಳಬೇಕಾದ ಕ್ಷಮೆಗಳಲ್ಲಿ ಇದು ತೀರಾ ಸಣ್ಣದು, ಸಣ್ಣದರಿಂದ ಶುರು ಮಾಡಿದರೆ ದೊಡ್ಡದರ ಹೊತ್ತಿಗೆ ಧೈರ್ಯ ಮುಗಿದಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಇಂಥ ಕಾರಣಗಳನ್ನು ಹುಡುಕುವುದರಲ್ಲಿ ಅವನು ಹುಷಾರು. ತೊಡೆಯ ಮೇಲಿನ ಚೀಲದಲ್ಲಿ ಸ್ಟೀಲಿನ ಡಬ್ಬಿ, ಅದರೊಳಗೆ ಹೆಚ್ಚಿದ ಪಪ್ಪಾಯಿ. ಹಣ್ಣನ್ನು ಖಾಲಿ ಹೊಟ್ಟೆಗೆ ತಿನ್ನಬೇಕು, ಬೇರೆ ಯಾವುದರ ಜೊತೆಗೂ ಸೇರಿಸಬಾರದು ಎನ್ನುವುದು ಕ್ರಮ. ಬೆಳಿಗ್ಗೆ ಎದ್ದವನು ಕೈ ರೂಢಿಯಿಂದಲೇ ಹಣ್ಣು ಹೆಚ್ಚಿ ಡಬ್ಬಿಗೆ ತುಂಬಿದ್ದ. ತುಂಬಿ ಮುಚ್ಚಳ ಹಾಕಿದ ಮೇಲೆ, ಅದೇ ಕ್ರಮ ತಪ್ಪು ಎಂದು ಹೇಳಲು ತಾನು ಹೊರಟಿದ್ದೇನೆಂಬುದು ನೆನಪಾಗಿತ್ತು. ಆದರೂ ಡಬ್ಬಿ ತಂದಿದ್ದ.

ಹೊರಡುವಾಗ ಅಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹೊನ್ನಾವರದ ಮೀನುಪೇಟೆಯಲ್ಲಿ ಮೂವತ್ತೇಳು ವರ್ಷ ಕೂತು ಮೀನು ಮಾರಿದ ನಾಗು, ಈಗ ಮನೆಯ ಗೋಡೆಯ ಹತ್ತಿರ ಯಾರೋ ಇಟ್ಟು ಮರೆತ ಬಟ್ಟೆಯ ಗಂಟಿನಷ್ಟೇ ಕಾಣುತ್ತಿದ್ದಳು. ಎಂಟು ಗಂಟೆಗೆ ಎರಡು ಚಮಚ ಗಂಜಿ ಕುಡಿದಿದ್ದಳು. ಅವಳ ಬಲಗೈಯ ಒಂದು ಬೆರಳು ಮಡಚಿತ್ತು. ಅವಳಿಗೆ ಗಡಿಯಾರ ನೋಡಲು ಬರುವುದಿಲ್ಲ. ಮಸೀದಿಯ ಬಾಂಗು, ಹೊಳೆಯ ಸೇತುವೆಯ ಮೇಲಿನ ರೈಲು, ಬಂದರಿಗೆ ಬರುವ ದೋಣಿಗಳ ಎಂಜಿನ್ನು, ಇವುಗಳಿಂದ ಹೊತ್ತು ತಿಳಿದು, ಗಂಜಿಯಾದ ಮೇಲೆ ತಾಸಿಗೊಂದರಂತೆ ಬೆರಳು ಮಡಚುತ್ತ ಹೋಗುತ್ತಾಳೆ. ಮೂರು ಬೆರಳು ಮಡಚಿದ ಮೇಲೆ ಮೀನು. ಮೀನಾದ ಮೇಲೆ ಮತ್ತೆ ಮೂರು ಬೆರಳು ಮಡಚುವವರೆಗೆ ಅನ್ನವಿಲ್ಲ. ಅದನ್ನು ಕಲಿಸಿದವನು ಮಗ. ಕಲಿಸಿ ಹತ್ತು ತಿಂಗಳಾಯಿತು.

ಗುರುವಾರ ಡಾಕ್ಟರು ಹೇಳಿದ್ದು ಅವನಿಗೂ ಹೆಂಡತಿ ಭಾಗ್ಯಲಕ್ಷ್ಮಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೊಟ್ಟೆಯ ಗಡ್ಡೆ ಕತ್ತರಿಸುವ ಹಂತ ದಾಟಿದೆ, ಲಿವರಿಗೂ ಹೋಗಿದೆ, ಎರಡು ತಿಂಗಳು, ಹೆಚ್ಚೆಂದರೆ ಮೂರು. ಅಮ್ಮನಿಗೆ ಹುಣ್ಣು ಎಂದು ಹೇಳಿದ್ದರು. ಹುಣ್ಣು ಎಂದಾಗ ಅವಳು ಒಪ್ಪಿದಳು. ಹುಣ್ಣು ಮಾಯುತ್ತದೆ. ಡಾಕ್ಟರು ಇನ್ನೊಂದು ಮಾತು ಹೇಳಿದ್ದರು, ಅವರಿಗೆ ಏನು ಇಷ್ಟವೋ ಅದನ್ನು ಕೊಡಿ, ಎಷ್ಟು ಹೋಗುತ್ತದೋ ಅಷ್ಟು, ಯಾವ ಪಥ್ಯವೂ ಬೇಡ. ಅಮ್ಮನಿಗೆ ಏನು ಇಷ್ಟ ಎಂಬುದಕ್ಕೆ ಯೋಚನೆ ಬೇಕಾಗಿರಲಿಲ್ಲ. ಕುಚ್ಚಿಗೆ ಅಕ್ಕಿಯ ಬಿಸಿ ಅನ್ನ, ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿ ಜಜ್ಜಿ ಹಾಕಿದ ಬಂಗಡೆ ಸಾರು, ಎರಡನ್ನೂ ಕೈತುಂಬ ಕಲಸಿ ಉಣ್ಣುವುದು. ಅದೊಂದನ್ನು ಅವಳು ಹತ್ತು ತಿಂಗಳಿಂದ ಉಂಡಿಲ್ಲ. ಈಗ ಉಣ್ಣು ಎನ್ನಲು ಅವನ ನಾಲಿಗೆ ಏಳುತ್ತಿಲ್ಲ. ಇಷ್ಟು ದಿನ ಕಟ್ಟಿದ ಕ್ರಮವನ್ನು ಮಗ ಒಮ್ಮೆಲೇ ಬಿಚ್ಚಿದರೆ ಅಮ್ಮನಿಗೆ ಅರ್ಥವಾಗುವುದು ಒಂದೇ, ಇನ್ನು ಕಟ್ಟಿಯೂ ಉಪಯೋಗವಿಲ್ಲ ಎಂದು. ಹೇಳದೆ ಬಿಟ್ಟರೆ ಅವಳು ಬೆರಳು ಮಡಚುತ್ತ, ಕಾಯುತ್ತ, ಆಸೆಯದೊಂದು ತುತ್ತು ಕಾಣದೆ ಹೋಗುತ್ತಾಳೆ. ಗುರುವಾರದಿಂದ ಅವನು ಈ ಎರಡರ ನಡುವೆ ಸಿಕ್ಕಿಹಾಕಿಕೊಂಡಿದ್ದ. ಅದರಿಂದ ಬಿಡಿಸಿಕೊಳ್ಳಲು ಆಗದೆ, ಮೊದಲು ಕುಮಟೆಯ ಕ್ಲಾಸಿಗೆ ಹೋಗಿ ಅಲ್ಲಿನ ವಾಟ್ಸಾಪ್ ಗುಂಪಿನಿಂದ ಅಮ್ಮನ ಫೋಟೋ ತೆಗೆದುಹಾಕಿಸಬೇಕು, ಎಲ್ಲರೆದುರು ನಿಜ ಹೇಳಬೇಕು, ಆಮೇಲೆ ಮನೆಯ ಮಾತು ಎಂದು ನಿರ್ಧರಿಸಿದ್ದ. ಇದೂ ಒಂದು ಕಾರಣವೇ ಎಂದು ಗೊತ್ತಿತ್ತು.

ಧಾರೇಶ್ವರ ದಾಟಿತು. ಮುದುಕ ಇಳಿದುಹೋದ. ದೇವರಾಜ ಪೂರ್ತಿ ಸೀಟಿಗೆ ಹರಡಿಕೊಂಡ, ಮೈಗೆ ಹಿತವಾಯಿತು, ಹಿತವಾದುದಕ್ಕೆ ನಾಚಿಕೆಯಾಯಿತು. ಅವನ ಮೈಯ ಜೊತೆ ಅವನಿಗೆ ಯಾವಾಗಲೂ ಹೀಗೆಯೇ. ಪ್ರೌಢಶಾಲೆಯ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದಾಗ ತೆಳ್ಳಗಿದ್ದವನೇ, ಇಪ್ಪತ್ತು ವರ್ಷ ಕೂತು ಕೂತು ಕುರ್ಚಿಯ ಕೈಗಳ ನಡುವೆ ಹಿಡಿಸದಂತಾಗಿದ್ದ. ಹೋದ ವರ್ಷ ಹತ್ತನೆಯವರ ಬೀಳ್ಕೊಡುಗೆಯ ಗ್ರೂಪ್ ಫೋಟೋಕ್ಕೆ ಮೊದಲ ಸಾಲಿನಲ್ಲಿ ಕೂತಾಗ, ಫೋಟೋದವನು ಏನೂ ಹೇಳದೆ ಅವನ ಪಕ್ಕದ ಒಂದು ಕುರ್ಚಿಯನ್ನು ಎತ್ತಿ ಹಿಂದೆ ಇಟ್ಟ. ಆ ಕುರ್ಚಿಯ ಡ್ರಿಲ್ ಮಾಸ್ತರು ಹಿಂದಿನ ಸಾಲಿಗೆ ಹೋಗಿ ನಿಂತರು. ಹುಡುಗಿಯರ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು, ಅಥವಾ ಯಾರೂ ನಗಲಿಲ್ಲ, ಅವನಿಗೆ ಕೇಳಿಸಿತು. ಅದೇ ವಾರ ಮೊಬೈಲಿನಲ್ಲಿ ಕುಮಟೆಯ ವೀಣಾ ಮೇಡಮ್ಮಿನ ವೀಡಿಯೋ ನೋಡಿದ. ಅನ್ನ, ರೊಟ್ಟಿ, ಗೆಣಸು ಒಂದು ಜಾತಿ. ಮೀನು, ಮೊಟ್ಟೆ, ಬೇಳೆ ಇನ್ನೊಂದು ಜಾತಿ. ಒಂದಕ್ಕೆ ಹೊಟ್ಟೆಯಲ್ಲಿ ಹುಳಿ ಬೇಕು, ಇನ್ನೊಂದಕ್ಕೆ ಹುಳಿ ಆಗುವುದಿಲ್ಲ. ಒಟ್ಟಿಗೆ ತಿಂದರೆ ಒಂದನ್ನೊಂದು ಕೆಡಿಸಿ ಎರಡೂ ಕೊಳೆಯುತ್ತವೆ, ಕೊಳೆತದ್ದು ಬೊಜ್ಜಾಗುತ್ತದೆ. ಬೇರೆ ಬೇರೆ ತಿನ್ನಿ, ನಡುವೆ ಮೂರು ತಾಸು ಬಿಡಿ, ಅಷ್ಟೇ. ಉಪವಾಸವಿಲ್ಲ, ಓಟವಿಲ್ಲ. ಇಷ್ಟು ಸುಲಭವಾದದ್ದು ಯಾಕೆ ಸುಳ್ಳಾಗಿರಬೇಕು ಎಂದು ಅವನಿಗೆ ಅನ್ನಿಸಿತ್ತು. ಭಾನುವಾರದ ಕ್ಲಾಸಿಗೆ ಸೇರಿದ. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದ. ಬರೀ ಅನ್ನವನ್ನು ಅಥವಾ ಬರೀ ಮೀನನ್ನು ಎಷ್ಟು ತಿನ್ನಲಾದೀತು, ತಿನ್ನುವುದೇ ಕಡಿಮೆಯಾಗಿತ್ತು. ಕ್ಲಾಸಿನಲ್ಲಿ ಇಳಿದವರೆಲ್ಲ ಹಾಗೆಯೇ ಇಳಿದದ್ದು ಎಂದು ಈಗ ಹೊಳೆಯುತ್ತದೆ. ಮೂರನೆಯ ತಿಂಗಳು ನಾಲ್ಕೂ ಕಿಲೋ ವಾಪಸು ಬಂದವು.

ಆದರೆ ಅಷ್ಟರಲ್ಲಿ ಅವನಿಗೆ ಅಮ್ಮ ಸಿಕ್ಕಿದ್ದಳು. ಆಗ ನಾಗು ಎಪ್ಪತ್ತು ಕಿಲೋದ ಹೆಂಗಸು. ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗಾಗುತ್ತದೆ, ಹುಳಿತೇಗು ಬರುತ್ತದೆ, ಸಂಜೆಯವರೆಗೂ ಒಳಗೆ ಕಲ್ಲಿಟ್ಟ ಹಾಗೆ ಇರುತ್ತದೆ ಎಂದು ಅವಳು ಹೇಳಿದಾಗ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆ ಸಂತೋಷವನ್ನು ನೆನೆದರೆ ಈಗ ಬಸ್ಸಿನ ಕಿಟಕಿಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ತನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಬದುಕಿನಲ್ಲಿ ಮೊದಲ ಸಲ ಯಾರೋ ಕೇಳಿದ್ದರು. ಅವಳಿಗೆ ಹುಳಿ, ಜಾತಿ ಯಾವುದೂ ಅರ್ಥವಾಗಲಿಲ್ಲ, ಅನ್ನದ ಸಂಗಡ ಮೀನು ತಿನ್ನದೆ ಇನ್ನು ಯಾವುದರ ಸಂಗಡ ತಿನ್ನುವುದು ಎಂದು ನಕ್ಕಳು. ಆಗ ಅವನು ಅವಳ ಕಸುಬಿನಿಂದಲೇ ಮಾತು ತೆಗೆದ. ನಿನ್ನೆಯ ತಾರ್ಲೆ ಮೀನನ್ನೂ ಇವತ್ತಿನ ತಾರ್ಲೆಯನ್ನೂ ಒಂದೇ ಪಾಲಿಗೆ ಹಾಕಿದರೆ ಏನಾಗುತ್ತದೆ? ಒಳ್ಳೆಯದೂ ಕೆಡುತ್ತದೆ. ಹೊಟ್ಟೆಯೂ ಬರ್ಫವಿಲ್ಲದ ಪೆಟ್ಟಿಗೆ, ಅಲ್ಲೂ ಹಾಗೆಯೇ. ನಾಗುವಿನ ನಗು ನಿಂತಿತು. ಮೂವತ್ತೇಳು ವರ್ಷದಲ್ಲಿ ಒಮ್ಮೆಯೂ ಹಳತನ್ನು ಹೊಸತಿನ ಪಾಲಿಗೆ ಬೆರೆಸದವಳು, ಪಕ್ಕದಲ್ಲಿ ಕೂತವರು ಬೆರೆಸಿದರೆ ಅವರ ಹತ್ತಿರ ಎಲೆಯಡಿಕೆ ತೆಗೆದುಕೊಳ್ಳದವಳು. ಆ ಹೋಲಿಕೆ ಅವಳೊಳಗೆ ಗಟ್ಟಿಯಾಗಿ ಕೂತಿತು. ಬೆರೆಸುವುದು ಮೋಸ ಎಂದು ತಿಳಿದಿದ್ದವಳು ತನ್ನ ಹೊಟ್ಟೆಗೂ ಮೋಸ ಮಾಡಲಿಲ್ಲ. ಮರುದಿನದಿಂದ ಬೆರಳು ಮಡಚತೊಡಗಿದಳು.

ಆಮೇಲೆ ಅವಳು ಇಳಿಯತೊಡಗಿದಳು. ಅರವತ್ತೈದು, ಅರವತ್ತೊಂದು, ಐವತ್ತೇಳು. ಭಾನುವಾರ ಭಾನುವಾರ ಅವನು ತನ್ನ ತೂಕ ಹೇಳುವುದನ್ನು ಬಿಟ್ಟು ಅಮ್ಮನ ತೂಕ ಹೇಳತೊಡಗಿದ. ವೀಣಾ ಮೇಡಮ್ ಒಂದು ವಾರ ಕರೆದುಕೊಂಡು ಬನ್ನಿ ಅಂದರು. ನಾಗು ಒಳ್ಳೆಯ ಸೀರೆ ಉಟ್ಟು, ಅಬ್ಬಲಿಗೆ ಹೂ ಮುಡಿದು ಬಂದಳು, ಐವತ್ತು ಜನ ಕುರ್ಚಿಯಲ್ಲಿ ಕೂತಿದ್ದ ಹಾಲ್‌ನಲ್ಲಿ ತೂಕದ ಯಂತ್ರದ ಮೇಲೆ ನಿಂತಳು, ಎಲ್ಲರೂ ಚಪ್ಪಾಳೆ ಹೊಡೆದರು. ಮೀನಿನ ವಾಸನೆ ಎಂದು ಬಸ್ಸಿನಲ್ಲಿ ಜನ ಪಕ್ಕದಿಂದ ಎದ್ದುಹೋಗುವುದನ್ನು ಕಂಡು ಕಂಡು ಮುದಿಯಾದವಳಿಗೆ ಅಷ್ಟು ಜನ ಎದ್ದುನಿಂತು ಚಪ್ಪಾಳೆ ಹೊಡೆದದ್ದು ನಂಬಲಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ನಾನು ಎಂತ ಮಾಡಿದೆ ಅಂತ ಅವರು ಚಪ್ಪಾಳೆ ಹೊಡೆದದ್ದು ಎಂದು ಮೂರು ಸಲ ಕೇಳಿದಳು. ಪೇಟೆಯಲ್ಲಿ ಬುಟ್ಟಿಯ ಮುಂದೆ ಕೂತ ಹಳೆಯ ಫೋಟೋ ಎಡಕ್ಕೆ, ಹಾಲ್‌ನಲ್ಲಿ ನಿಂತ ಹೊಸ ಫೋಟೋ ಬಲಕ್ಕೆ. ಆವತ್ತಿನಿಂದ ಅದು ಇನ್ನೂರ ನಲವತ್ತು ಜನರ ವಾಟ್ಸಾಪ್ ಗುಂಪಿನ ಚಿತ್ರ. ಮನೆಯಲ್ಲಿ ಮಾತ್ರ ಭಾಗ್ಯಲಕ್ಷ್ಮಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಅತ್ತೆಯ ಸಡಿಲವಾದ ರವಿಕೆಯನ್ನು ಹಿಡಿದು ಬಿಗಿ ಮಾಡುತ್ತಿದ್ದಳು. ಮೂರನೆಯ ಸಲ ಹಿಡಿಯುವಾಗ, ದಾರವನ್ನು ಹಲ್ಲಿನಲ್ಲಿ ಕಡಿದು, ಇಷ್ಟು ಬೇಗ ಇಳಿಯುವುದು ಸರಿಯಲ್ಲ, ಒಮ್ಮೆ ತೋರಿಸಿ ಅಂದಳು. ನಿನಗೆ ಅತ್ತೆ ಗಟ್ಟಿಯಾಗುವುದು ಕಂಡರೆ ಆಗುವುದಿಲ್ಲ ಎಂದು ಅವನು ರೇಗಿದ್ದ. ಆ ಮಾತನ್ನು ಅವಳು ಗುರುವಾರ ಆಸ್ಪತ್ರೆಯಲ್ಲಿ ನೆನಪಿಸಲಿಲ್ಲ, ಆಮೇಲೂ ನೆನಪಿಸಲಿಲ್ಲ.

ಡಾಕ್ಟರು ಕೇಳಿದ್ದರು, ತೂಕ ಯಾವಾಗಿನಿಂದ ಇಳಿಯುತ್ತಿದೆ ಎಂದು. ಅವನ ಬಾಯಿಂದ ಬಂದದ್ದು, ನಾವೇ ಇಳಿಸಿದ್ದು ಸರ್. ಬರೆಯುತ್ತಿದ್ದ ಪೆನ್ನು ನಿಂತಿತು. ಕ್ರಮವನ್ನೆಲ್ಲ ಕೇಳಿದ ಮೇಲೆ ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಅನ್ನವನ್ನೂ ಮೀನನ್ನೂ ಒಟ್ಟಿಗೆ ಅರಗಿಸುವುದು ಹೊಟ್ಟೆಗೆ ಗೊತ್ತು, ಯಾವಾಗಲೂ ಗೊತ್ತಿತ್ತು, ನೀವು ಬೇರೆ ಮಾಡಿದ್ದರಿಂದ ಈ ರೋಗ ಬಂದದ್ದಲ್ಲ, ಆದರೆ ಏಳೆಂಟು ತಿಂಗಳು ಮೊದಲೇ ಬರಬೇಕಿತ್ತು ಅಂದರು. ಅಷ್ಟೇ ಹೇಳಿ ಮುಂದಿನವರನ್ನು ಕರೆದರು. ದೂರದ ಆ ಆಸ್ಪತ್ರೆಯಿಂದ ವಾಪಸು ಬರುವಾಗ ದಾರಿಯಲ್ಲಿ ಭಟ್ಕಳದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತ್ತು. ನಾಗುವಿನ ತವರು ಭಟ್ಕಳದ ಬಂದರು. ಇಳಿದು ನಿಂತವಳು ಗಾಳಿ ಬಂದ ಕಡೆ ಮುಖ ಮಾಡಿ, ಎದುರಿನ ಹೋಟೆಲಿನ ಬೋರ್ಡಿನ ಮೇಲಿನ ಮೀನಿನ ಚಿತ್ರ ನೋಡಿ, ಇಲ್ಲಿ ಮೀನೂಟ ಇರ್ತದಲ, ಒಂಚೂರು ಉಣ್ಣುವನಾ ಅಂದಳು. ಎಷ್ಟೋ ತಿಂಗಳ ಮೇಲೆ ತಾನಾಗಿ ಕೇಳಿದ್ದಳು. ಆಗ ಅವನು, ಎಲ್ಲ ತಿಳಿದಿದ್ದವನು, ಕಿವಿಯಲ್ಲಿ ಡಾಕ್ಟರ ಮಾತು ಇನ್ನೂ ಬಿಸಿಯಾಗಿದ್ದವನು, ಇಡ್ಲಿ ತಿಂದು ಎರಡು ತಾಸೂ ಆಗಲಿಲ್ಲ ಅಮಾ ಅಂದ. ಯಾಕೆ ಹಾಗೆ ಅಂದ? ನಾಲಿಗೆ ಅಂದಿತು. ಅಮ್ಮ ತನ್ನ ಕೈ ನೋಡಿಕೊಂಡು, ಹೌದಲ, ಮರ್ತೇ ಹೋಯ್ತು ಎಂದು ತಪ್ಪು ಮಾಡಿದವಳ ಹಾಗೆ ನಕ್ಕು ಬಸ್ಸು ಹತ್ತಿದಳು. ಭಾಗ್ಯಲಕ್ಷ್ಮಿ ಅವನ ಮುಖವನ್ನು ನೋಡಿದ ರೀತಿಯನ್ನು ಅವನು ಸಾಯುವವರೆಗೆ ಮರೆಯುವಂತಿಲ್ಲ.

ಕುಮಟೆಯ ಪೇಟೆಯಲ್ಲಿ, ಬಟ್ಟೆಯಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಾಸಿನ ಹಾಲ್. ಮೆಟ್ಟಿಲು ಹತ್ತುವಷ್ಟರಲ್ಲಿ ದೇವರಾಜನಿಗೆ ಏದುಸಿರು ಬಂದಿತ್ತು. ಒಳಗೆ ಕಾಲಿಟ್ಟವನಿಗೆ ಎದುರು ಗೋಡೆಯ ಮೇಲೆ ಅಮ್ಮ ಕಾಣಿಸಿದಳು. ಕ್ಲಾಸಿಗೆ ವರ್ಷ ತುಂಬಿತೆಂದು ಮೇಡಮ್ ಫ್ಲೆಕ್ಸ್ ಮಾಡಿಸಿದ್ದರು, ಬಾಗಿಲಿನಷ್ಟು ಎತ್ತರದ ಅಮ್ಮ, ಎಡಕ್ಕೊಬ್ಬಳು, ಬಲಕ್ಕೊಬ್ಬಳು. ಬಲಗಡೆಯ ಅಮ್ಮನ ಕುತ್ತಿಗೆಯ ಎಲುಬು, ಒಳಗೆ ಹೋದ ಕೆನ್ನೆ, ಹಳದಿಯಾದ ಕಣ್ಣು ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಇಷ್ಟು ದೊಡ್ಡದಾಗಿ ನೋಡಿದ್ದರೆ ಆವತ್ತೇ ಗೊತ್ತಾಗುತ್ತಿತ್ತೇನೋ. ಮನೆಯಲ್ಲಿ ದಿನಾ ಎದುರಿಗೇ ಇದ್ದವಳನ್ನು ನೋಡಲು ಅವನಿಗೆ ಫ್ಲೆಕ್ಸ್ ಬೇಕಾಯಿತು. ವೀಣಾ ಮೇಡಮ್ ಕೆಟ್ಟ ಹೆಂಗಸಲ್ಲ. ತಾನು ಹೇಳುವುದನ್ನು ಪೂರ್ತಿ ನಂಬಿದವರು, ಗಂಡ ತೀರಿಹೋದ ಮೇಲೆ ತನ್ನ ಮೈಯೊಂದನ್ನಾದರೂ ಹಿಡಿತದಲ್ಲಿ ಇಟ್ಟುಕೊಳ್ಳೋಣವೆಂದು ಈ ದಾರಿಗೆ ಬಂದವರು. ಅವನನ್ನು ಕಂಡ ಕೂಡಲೇ ಕೈಹಿಡಿದು ಮುಂದೆ ಕರೆದುಕೊಂಡು ಹೋದರು. ಅವನು ಬೇರೆ ಕಡೆ ಎರಡು ಮಾತಾಡಬೇಕಿತ್ತು ಅಂದ. ಮಾತಾಡೋಣ, ಮೊದಲು ಇಲ್ಲಿ ಎರಡು ಮಾತು ಹೇಳಿ, ಎಲ್ಲರೂ ನಿಮ್ಮ ಅಮ್ಮನದನ್ನೇ ಕೇಳುತ್ತಿದ್ದಾರೆ ಅಂದರು.

ನಿಂತ. ಎದುರಿಗೆ ಅರವತ್ತು ಎಪ್ಪತ್ತು ಮುಖ, ಎಲ್ಲವೂ ಅವನ ಹಾಗೆಯೇ ಎಲ್ಲೋ ಒಂದು ಕುರ್ಚಿಯಲ್ಲಿ ಹಿಡಿಸದೆ ಅವಮಾನವಾದ ಮುಖ. ಅಮ್ಮ ಹೇಗಿದ್ದಾರೆ ಎಂದು ಯಾರೋ ಕೇಳಿದರು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾಕ್ಯ ಹೇಳಲು ಬಾಯಿ ತೆರೆದ. ಬೆನ್ನ ಹಿಂದೆ ಅಮ್ಮ ಎರಡಾಗಿ ನಿಂತಿದ್ದಳು. ಇಲ್ಲಿ ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹುಚ್ಚು ಹೆದರಿಕೆ ಅವನನ್ನು ಹಿಡಿಯಿತು. ಆಸ್ಪತ್ರೆಯಲ್ಲಿ, ಮನೆಯಲ್ಲಿ ಇನ್ನೂ ಪೂರ್ತಿ ನಿಜವಾಗಿರಲಿಲ್ಲ. ಅವಳು ಗೆದ್ದ ಜಾಗ ಜಗತ್ತಿನಲ್ಲಿ ಇದೊಂದೇ, ಇಲ್ಲಿಯೂ ಸೋಲಿಸುವುದೇ? ಚೆನ್ನಾಗಿದ್ದಾಳೆ ಅಂದ. ಇನ್ನೂ ಇಳಿದಿದ್ದಾಳೆ ಅಂದ. ಎಷ್ಟು ಎಂದು ಕೇಳಿದರು. ನಲವತ್ತೊಂದು. ಚಪ್ಪಾಳೆ ಬಿತ್ತು. ಅವನೂ ಕೈ ಎತ್ತಿ ಮುಗಿದ, ನಕ್ಕ. ನಗುತ್ತಿದ್ದೇನೆ ಎಂದು ತಿಳಿದಾಗ ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ. ಮೇಡಮ್ ಬೇರೆ ಕಡೆಯ ಮಾತಿನ ವಿಷಯ ಮರೆತರು, ಅವನು ನೆನಪಿಸಲಿಲ್ಲ. ಪಪ್ಪಾಯಿಯ ಡಬ್ಬಿಯನ್ನು ಕುರ್ಚಿಯ ಕೆಳಗೇ ಬಿಟ್ಟು ಹೊರಗೆ ಬಂದ.

ಮೆಟ್ಟಿಲ ತಿರುವಿನಲ್ಲಿ ಹಿಂದಿನಿಂದ ಒಬ್ಬಳು ಕರೆದಳು. ದಿವ್ಯಶ್ರೀ ಎಂದು ಹೆಸರು ಹೇಳಿಕೊಂಡಳು, ಕುಮಟೆಯವಳೇ, ಮೂವತ್ತರ ಒಳಗಿನವಳು. ನನ್ನ ಮಾವನಿಗೂ ನಿಮ್ಮ ಅಮ್ಮನ ಹಾಗೆಯೇ, ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದಂತೆ, ನಾಳೆಯಿಂದ ಅನ್ನ ಮೀನು ಬೇರೆ ಮಾಡಿ ಕೊಡಬೇಕೆಂದಿದ್ದೇನೆ, ಎಷ್ಟು ದಿನಕ್ಕೆ ಗುಣ ಕಾಣುತ್ತದೆ ಎಂದು ಕೇಳಿದಳು. ದೇವರಾಜ ಕಂಬಿ ಹಿಡಿದುಕೊಂಡ. ನಾಳೆಯೇ ಡಾಕ್ಟರಿಗೆ ತೋರಿಸಿ ಅಂದ. ಅವಳು ತೋರಿಸುತ್ತೇನೆ, ಇದನ್ನೂ ಮಾಡುತ್ತೇನೆ ಅಂದಳು. ಆಗ ಅವನು ಹೇಳಿದ, ಎಲ್ಲವನ್ನೂ, ಗಡ್ಡೆ, ಲಿವರು, ಎರಡು ತಿಂಗಳು, ಒಂದು ಮೆಟ್ಟಿಲು ಕೆಳಗೆ ನಿಂತು, ಅವಳ ಚಪ್ಪಲಿಯನ್ನು ನೋಡುತ್ತ. ಮುಗಿದ ಮೇಲೆ ತಲೆ ಎತ್ತಿದ. ಅವಳು ಒಂದು ಮೆಟ್ಟಿಲು ಮೇಲೆ ಸರಿದಿದ್ದಳು.

“ಹಂಗಾರೆ ಈಗ ಒಳಗೆ ಎಂತಕ್ಕೆ ಹಂಗೆ ಹೇಳಿದ್ರಿ?”

ಅವಳು ಉತ್ತರಕ್ಕೆ ಕಾಯಲಿಲ್ಲ, ಒಳಗೂ ಹೋಗಲಿಲ್ಲ, ಅವನನ್ನು ದಾಟಿ ಗೋಡೆಗೆ ಒತ್ತಿಕೊಂಡು ಬೇಗ ಬೇಗ ಇಳಿದು ರಸ್ತೆಗೆ ಹೋದಳು. ಒಬ್ಬರನ್ನಾದರೂ ಉಳಿಸಿದೆ ಎಂಬ ಸಮಾಧಾನ ಬರಬಹುದೆಂದು ಅವನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತು ನೋಡಿದ. ಬರಲಿಲ್ಲ. ಮೇಲೆ ಇನ್ನು ಯಾರದೋ ತೂಕಕ್ಕೆ ಚಪ್ಪಾಳೆ ಬಿತ್ತು.

ಹೊನ್ನಾವರದಲ್ಲಿ ಇಳಿದವನು ಮನೆಯ ಕಡೆ ಹೋಗದೆ ಮೀನುಪೇಟೆಗೆ ಹೋದ. ಒಂದು ಗಂಟೆಯಾಗಿತ್ತು, ಹೆಂಗಸರು ಬುಟ್ಟಿ ತೊಳೆಯುತ್ತಿದ್ದರು. ಅಮ್ಮನ ಪಕ್ಕ ಕೂರುತ್ತಿದ್ದ ದುರ್ಗಿ ಇನ್ನೂ ಎದ್ದಿರಲಿಲ್ಲ. ಅವಳ ಎಡಗಡೆ ಒಬ್ಬರು ಕೂರುವಷ್ಟು ಕಲ್ಲು ಖಾಲಿಯಿತ್ತು, ತೊಳೆದು ಒಣಗಿತ್ತು. ಅಕ್ಕನ ಜಾಗದಲ್ಲಿ ಯಾರನ್ನೂ ಕೂರಲು ಬಿಟ್ಟಿಲ್ಲ, ಮಳೆಗಾಲದ ಒಳಗೆ ಬರ್ತಾಳಲ್ಲ ಎಂದು ಕೇಳಿದಳು. ಅವನು ಹೂಂ ಅಂದ. ಬಂಗಡೆ ಬೇಕು ಅಂದ. ಬುಟ್ಟಿಯಲ್ಲಿ ಉಳಿದ ಮೀನಿನ ಮೇಲೆ ಕೈ ಹಾಕಿದವಳು, ಯಾರಿಗೆ ಎಂದು ಕೇಳಿದಳು. ಅಮ್ಮನಿಗೆ ಅಂದ ಮೇಲೆ ಆ ಕೈ ತೆಗೆದು, ಹಿಂದಿನ ಪೆಟ್ಟಿಗೆಯ ಬರ್ಫ ಸರಿಸಿ, ತನ್ನ ಮನೆಗೆಂದು ಇಟ್ಟುಕೊಂಡಿದ್ದ ನಾಲ್ಕನ್ನು ತೆಗೆದಳು, ಕಿವಿರು ಎತ್ತಿ ಕೆಂಪು ತೋರಿಸಿದಳು. ಅಕ್ಕನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲಪ್ಪ, ಬಾಯಿಂದ ಎಂತ ಹೇಳಿದರೂ ಕಿವಿರು ನೋಡಿಯೇ ನಂಬುವವಳು ಎಂದು ನಕ್ಕಳು.

ಭಾಗ್ಯಲಕ್ಷ್ಮಿ ಅವನ ಕೈಯಿಂದ ಮೀನು ತೆಗೆದುಕೊಂಡಳು. ಕತ್ತರಿಸಿ ತೊಳೆದು, ಕಾಯಿ ರುಬ್ಬಿ, ಕೊನೆಗೆ ಜುಮ್ಮನಕಾಯಿ ಜಜ್ಜಿ ಹಾಕಿದಳು. ಆ ಪರಿಮಳ ಜಗಲಿಯವರೆಗೆ ಹೋಯಿತು. ಅನ್ನ ಬಗ್ಗಿಸುತ್ತ, ಹೇಳಿದ್ರಾ ಎಂದು ಕೇಳಿದಳು. ಕುಮಟೆಯ ಮಾತೋ ಅಮ್ಮನ ಮಾತೋ ಅವನಿಗೆ ಗೊತ್ತಾಗಲಿಲ್ಲ, ಎರಡಕ್ಕೂ ಉತ್ತರ ಒಂದೇ ಆಗಿತ್ತು. ಅವಳು ಒಂದು ಬಟ್ಟಲಿಗೆ ಅನ್ನ, ಇನ್ನೊಂದಕ್ಕೆ ಸಾರು ಎಂದು ಕೈ ಚಾಚಿದಾಗ ಅವನು ತಡೆದು ಒಂದೇ ತಟ್ಟೆ ತೆಗೆದುಕೊಂಡ. ಅನ್ನ ಹಾಕಿದ, ನಡುವೆ ಗುಳಿ ಮಾಡಿ ಸಾರು ಬಿಟ್ಟ, ಮೇಲೆ ಒಂದು ಇಡೀ ಬಂಗಡೆ ಇಟ್ಟ. ಭಾಗ್ಯಲಕ್ಷ್ಮಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ ನಿಂತಳು.

ಜಗಲಿಯಲ್ಲಿ ನಾಗು ತಟ್ಟೆ ನೋಡಿದಳು. ತನ್ನ ಕೈ ನೋಡಿಕೊಂಡಳು. ಐದು ಬೆರಳೂ ಮಡಚಿದ್ದವು, ಗಂಜಿಯ ಮೇಲೆ ಏನೂ ಮುಟ್ಟದೆ ಹೊತ್ತು ಬೇಕಾದಷ್ಟಾಗಿತ್ತು, ಆದರೆ ತಟ್ಟೆಯಲ್ಲಿ ಎರಡೂ ಇದ್ದವು. ಮಗ ಮರೆತನೇನೋ ಎಂದು ಅವಳೇ ಗಾಬರಿಯಾದಳು. ಇದು ಎರಡೂ ಸಂಗ್ತಿಗೇ ಆಯ್ತಲ ತಮಾ ಅಂದಳು. ದೇವರಾಜ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, ಹೊಟ್ಟೆ ತೊಡೆಗೆ ಒತ್ತಿ ಉಸಿರು ಸಿಕ್ಕಿಕೊಳ್ಳುತ್ತಿದ್ದರೂ ಆದಷ್ಟು ಸಲೀಸಾಗಿ, ಮೇಡಮ್ ಇವತ್ತು ಹೇಳಿದರು, ಕ್ರಮ ಬದಲಾಗಿದೆಯಂತೆ, ಈಗ ಒಟ್ಟಿಗೇ ತಿನ್ನಲಡ್ಡಿಯಿಲ್ಲವಂತೆ ಅಂದ. ನಾಗು ತಟ್ಟೆಯನ್ನು ನೋಡಲಿಲ್ಲ. ಅವನನ್ನು ನೋಡಿದಳು. ಬೆಳಗಿನ ಜಾವ ಬಂದರಿನಲ್ಲಿ, ದೋಣಿಯವನು ಈಗ ಬಂದದ್ದೇ ಎಂದು ಆಣೆಯಿಟ್ಟು ಹೇಳುವಾಗ ಅವಳು ಮೀನಿನ ಕಿವಿರು ಎತ್ತಿ ನೋಡುತ್ತಿದ್ದ ನೋಟ ಅದು. ಚಿಕ್ಕವನಿದ್ದಾಗ ಅವಳ ಸೆರಗು ಹಿಡಿದು ನಿಂತು ಎಷ್ಟೋ ಸಲ ನೋಡಿದ್ದ. ಅವಳು ಏನೂ ಹೇಳದೆ ಮೀನನ್ನು ವಾಪಸು ಇಟ್ಟುಬಿಡುತ್ತಿದ್ದಳು, ದೋಣಿಯವನ ಮುಖ ಸಣ್ಣದಾಗುತ್ತಿತ್ತು.

“ಬದ್ಲಾದದ್ದು ಎಲ್ರಿಗೂವಾ, ನಂಗೊಬ್ಳಿಗೇವಾ?”

ಹಿತ್ತಲ ಬಾಗಿಲಲ್ಲಿ ಭಾಗ್ಯಲಕ್ಷ್ಮಿಯ ಬಳೆ ಸದ್ದಾಯಿತು. ಎಲ್ಲರಿಗೂ, ಅಂದ ದೇವರಾಜ. ಧ್ವನಿ ಅವನದೇ ಅನ್ನಿಸಲಿಲ್ಲ. ನಾಗು ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಬಿಡಿಸುವುದು ಕಷ್ಟವಾದಂತೆ ನಿಧಾನವಾಗಿ. ತಟ್ಟೆಯನ್ನು ಇಬ್ಬರ ನಡುವೆ ಸರಿಸಿದಳು.

“ಹಂಗಾರೆ ನೀನೂ ಉಣ್ಣು.”

ಅವನು ಬೇಡವೆನ್ನುವಂತಿರಲಿಲ್ಲ. ಅವಳು ಬಂಗಡೆಯ ನಡುಮುಳ್ಳನ್ನು ಒಂದೇ ಎಳೆತಕ್ಕೆ ತೆಗೆದಳು, ಕೈಗೆ ರೂಢಿ ಮರೆತಿರಲಿಲ್ಲ. ಮೀನನ್ನು ಅನ್ನದೊಳಗೆ ಹಿಸುಕಿ ಕಲಸಿದಳು, ಸಾರು ಬೆರಳ ಸಂದಿನಿಂದ ಇಳಿಯುವಷ್ಟು. ಒಂದು ತುತ್ತು ಬಾಯಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅವನೂ ಒಂದು ತುತ್ತು ಇಟ್ಟ. ಒಂದು ವರ್ಷದಿಂದ ಅವನೂ ಅನ್ನ ಬೇರೆ ಮೀನು ಬೇರೆ ತಿಂದವನು. ಜುಮ್ಮನಕಾಯಿಯ ಚುರುಕು ನಾಲಿಗೆಯ ತುದಿಗೆ ತಾಗಿತು, ಹಿಂದೆಯೇ ಹುಳಿ, ಹಿಂದೆಯೇ ಅನ್ನದ ಸಿಹಿ, ಬಾಯಲ್ಲಿ ನೀರು ಉಕ್ಕಿತು. ಅಳಬೇಕೆಂದುಕೊಂಡಿದ್ದ, ಅಳು ಬರಲಿಲ್ಲ. ಇನ್ನೊಂದು ತುತ್ತು ಇಟ್ಟ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಕೈ ತಾನಾಗಿ ಹೋಗಿ ಬರುತ್ತಿತ್ತು, ಮೊದಲು ತನ್ನ ಕಡೆಯ ಅನ್ನ, ಆಮೇಲೆ ನಡುವಿನದು, ಆಮೇಲೆ ಅವಳು ಕಲಸಿಟ್ಟ ಕಡೆಯದು. ಎಂಥ ಮನುಷ್ಯ ನಾನು ಎಂದುಕೊಳ್ಳುತ್ತ ಉಂಡ, ಅಂದುಕೊಂಡದ್ದರಿಂದ ಕೈ ನಿಲ್ಲಲಿಲ್ಲ. ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿದಾಗ ತಲೆ ಎತ್ತಿದ.

ನಾಗು ಅವನನ್ನೇ ನೋಡುತ್ತಿದ್ದಳು. ಒಂದು ಕಡೆಯ ಕೆನ್ನೆ ಉಬ್ಬಿತ್ತು. ಆ ಮೊದಲ ತುತ್ತು ಇನ್ನೂ ಅಲ್ಲಿಯೇ ಇತ್ತು. ಅವಳು ಮುಖ ಆಚೆ ತಿರುಗಿಸಿ, ಪಕ್ಕದ ಬಟ್ಟಲಿಗೆ ಅದನ್ನು ಮೆಲ್ಲಗೆ ಬಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ರುಚಿ ಆಗಿತ್ತು ಅಂದಳು. ಹೊಳೆಯ ಸೇತುವೆಯ ಮೇಲೆ ಮಧ್ಯಾಹ್ನದ ರೈಲು ಹೋಯಿತು, ತುಂಬಾ ಹೊತ್ತು ಕೇಳಿಸಿತು. ಅವನ ಕಣ್ಣು ಅವಳ ಕೈಯ ಮೇಲಿತ್ತು. ತೊಡೆಯ ಮೇಲೆ ಬಿಚ್ಚಿಟ್ಟ ಕೈಯ ಬೆರಳು ಯಾವುದೂ ಮಡಚಲಿಲ್ಲ.

“ಭಾಗ್ಯಾ,” ಎಂದು ನಾಗು ಒಳಗೆ ಕರೆದಳು. “ಅವಂಗೆ ಇನ್ನೊಂಚೂರು ಅನ್ನ ಹಾಕೇ. ಹಸ್ದಿದ್ದ.”

ಭಾಗ್ಯಲಕ್ಷ್ಮಿ ಅನ್ನದ ಪಾತ್ರೆ ಹಿಡಿದು ಬಂದು ಅವನ ಎದುರು ನಿಂತಳು. ಅವನು ಬೇಡ ಎನ್ನಲಿಲ್ಲ.